ಅರವತ್ತೊಂದನೆಯ ತಟ್ಟೆ

ಕಸ್ತೂರೆವ್ವ ಹದಿನಾಲ್ಕನೆಯ ರೊಟ್ಟಿ ಬಡಿಯುತ್ತಿದ್ದಾಗ ಪುರಸಭೆಯ ವಿದ್ಯುತ್ ಜೀಪು ಸದ್ದಿಲ್ಲದೆ ಬಂದು ಬಾಗಿಲ ಮುಂದೆ ನಿಂತಿತು. ಇಳಿದವರು ಎಂಜಲ ಯಂತ್ರದ ವಿಜ್ಞಾನಿ ಅನಸೂಯಾ ಕುಲಗೋಡ. ಕಸ್ತೂರೆವ್ವನ ಕೈ ನಿಂತಿತು. ಅರ್ಧ ಬಡಿದ ರೊಟ್ಟಿ ಕಲ್ಲಿನ ಮೇಲೆಯೇ ಉಳಿಯಿತು. ಗೋಡೆಯ ಆಚೆ ಮಾತ್ರ ವಾರಗಿತ್ತಿ ನಿಂಬೆವ್ವನ ರೊಟ್ಟಿಯ ಪಟಪಟ ಸದ್ದು ನಡೆದೇ ಇತ್ತು.

ಅನಸೂಯಾ ಅಂಗೈ ಅಗಲದ ಒಂದು ಕನ್ನಡಿಫಲಕವನ್ನು ತೆಗೆದು, ಬುಟ್ಟಿಯಿಂದ ಒಂದು ರೊಟ್ಟಿ ಕೇಳಿ ಪಡೆದು ಅದರ ಮೇಲಿಟ್ಟರು. ತೇವಾಂಶ, ದಪ್ಪ, ಸುಟ್ಟ ಕಲೆ ಎಲ್ಲವೂ ಫಲಕದ ಮೇಲೆ ಒಂದೊಂದಾಗಿ ಮೂಡಿದವು. ಆಮೇಲೆ ಅವರು ಬಂದ ಸುದ್ದಿ ಹೇಳಿದರು. ನಿಂಬೆವ್ವನ ಗುತ್ತಿಗೆ ಈ ತಿಂಗಳಿಗೆ ಮುಗಿಯಿತು. ಪಟ್ಟಿಯಲ್ಲಿ ಮುಂದಿನ ಹೆಸರು ಕಸ್ತೂರೆವ್ವನದು. ಫಲಕದ ಮೇಲೆ ಹೆಬ್ಬೆರಳು ಒತ್ತಿದರೆ ನಾಳೆಯಿಂದ ಪುರಸಭೆಯ ಶಾಲೆಗೆ ದಿನಕ್ಕೆ ನಾನೂರು ರೊಟ್ಟಿ ಅವಳದೇ.

ಹೊಂಗಲಪುರದಲ್ಲಿ ಟೆಂಡರ್ ಸಮಿತಿ ಎಂಬುದು ಇಲ್ಲವಾಗಿ ಎರಡು ವರ್ಷವಾಗಿತ್ತು. ಸಾಮಾನು ಪೂರೈಸುವವರನ್ನು ಈಗ ಆರಿಸುವುದು ಬಳಸುವವರೇ. ರಸ್ತೆಯ ಕಲ್ಲನ್ನು ಗಾಡಿಯ ಗಾಲಿಗಳು ಆರಿಸುತ್ತಿದ್ದವು, ಶಾಲೆಯ ಊಟವನ್ನು ಮಕ್ಕಳ ತಟ್ಟೆಗಳು. ಊಟವಾದ ಮೇಲೆ ಮಗು ತನ್ನ ತಟ್ಟೆಯನ್ನು ತೂಗುಕಟ್ಟೆಯ ಮೇಲಿಡುತ್ತದೆ. ಉಳಿದದ್ದು ಏನು, ಎಷ್ಟು ಎಂಬುದನ್ನು ಯಂತ್ರ ಬರೆದುಕೊಳ್ಳುತ್ತದೆ. ಮೂರು ತಿಂಗಳು ರೊಟ್ಟಿ ಮಿತಿ ಮೀರಿ ಉಳಿದರೆ ಗುತ್ತಿಗೆ ಮುಂದಿನವರಿಗೆ ಹೋಗುತ್ತದೆ. ಯಂತ್ರಕ್ಕೆ ತಟ್ಟೆಯ ಸಂಖ್ಯೆ ಗೊತ್ತು, ಮಗುವಿನ ಹೆಸರು ಗೊತ್ತಿಲ್ಲ. ಅನಸೂಯಾ ಅದಕ್ಕೆ ಅವಶೇಷಮಾಪಕ ಎಂದು ಹೆಸರಿಟ್ಟಿದ್ದರು. ಊರಿನವರು ಎಂಜಲ ಯಂತ್ರ ಎಂದರು, ಅದೇ ಉಳಿಯಿತು.

ಕಸ್ತೂರೆವ್ವನಿಗೆ ಆ ಯಂತ್ರದ ಮೇಲಿದ್ದ ಸಿಟ್ಟು ಬೇರೆಯದೇ. ಮೊದಲಾಗಿದ್ದರೆ ಸೋತವರಿಗೆ ಒಂದು ಸುಖವಿತ್ತು, ಯಾರನ್ನಾದರೂ ಬಯ್ಯಬಹುದಿತ್ತು. ನಿಂಬೆವ್ವ ಯಾವ ಸದಸ್ಯರ ಮನೆಗೂ ಹೋಗಲಿಲ್ಲ, ಯಾರಿಗೂ ಹೋಳಿಗೆ ಕಳಿಸಲಿಲ್ಲ. ಆರು ತಿಂಗಳ ಹಿಂದೆ ಶಾಲೆಯಲ್ಲಿ ಒಂದು ವಾರ ಇವಳ ರೊಟ್ಟಿ, ಒಂದು ವಾರ ಅವಳ ರೊಟ್ಟಿ ಬಡಿಸಿ ನೋಡಿದರು. ಅವಳ ರೊಟ್ಟಿ ತಟ್ಟೆಯಲ್ಲಿ ಉಳಿಯಲಿಲ್ಲ, ಅಷ್ಟೆ. ಇಬ್ಬರೂ ಒಂದೇ ಮನೆಯ ಸೊಸೆಯರು, ಒಬ್ಬಳೇ ಅತ್ತೆಯ ಹತ್ತಿರ ಒಂದೇ ಒಲೆಯ ಮುಂದೆ ಕಲಿತವರು. ಅತ್ತೆ ಕಸ್ತೂರೆವ್ವನ ರೊಟ್ಟಿಯನ್ನು ‘ಚಲೋ ಆಗೇದ’ ಎನ್ನುತ್ತಿದ್ದಳು. ನಿಂಬೆವ್ವನದನ್ನು ಏನೂ ಅನ್ನದೆ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದಳು. ಆ ಇನ್ನೊಂದು ರೊಟ್ಟಿ ಹನ್ನೆರಡು ವರ್ಷದಿಂದ ಕಸ್ತೂರೆವ್ವನ ಎದೆಯಲ್ಲಿ ಸುಡುತ್ತಲೇ ಇತ್ತು.

ಮನೆ ಪಾಲಾಗಿ ನಡುವೆ ಗೋಡೆ ಎದ್ದ ಮೇಲೂ ಒಂದು ರೂಢಿ ಉಳಿದಿತ್ತು. ಒಲೆಯ ಮೊದಲ ರೊಟ್ಟಿ ಆಚೆ ಮನೆಯ ಕೂಸಿಗೆ. ನಿಂಬೆವ್ವನಿಗೆ ಮಕ್ಕಳಿಲ್ಲದ್ದರಿಂದ ರೊಟ್ಟಿ ದಾಟುತ್ತಿದ್ದುದು ಈಚೆಗೆ ಮಾತ್ರ. ಶೇಂಗಾ ಚಟ್ನಿಪುಡಿ, ಬೆಣ್ಣೆ ಸವರಿ ಅವಳು ಗೋಡೆಯ ಮೇಲಿಂದ ಕೊಡುವಳು, ಕಸ್ತೂರೆವ್ವನ ಮಗಳು ತುಂಗಾ ‘ಚಿಗವ್ವಾ’ ಎನ್ನುತ್ತ ತುದಿಗಾಲಲ್ಲಿ ನಿಂತು ಇಸಿದುಕೊಳ್ಳುವಳು. ಗುತ್ತಿಗೆ ನಿಂಬೆವ್ವನಿಗೆ ಹೋದ ಮರುದಿನ ಹುಡುಗಿ ಹಾಗೆಯೇ ತಿನ್ನುತ್ತ ಬಂದಾಗ ಕಸ್ತೂರೆವ್ವ ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಸುಮ್ಮನೆ ಮುಖ ತಿರುಗಿಸಿ ಒಳಗೆ ಹೋದಳು. ಮಾರನೆಯ ದಿನದಿಂದ ತುಂಗಾ ಗೋಡೆಯ ಹತ್ತಿರ ಹೋಗಲಿಲ್ಲ.

ಈಗ ತಾನು ಗೆದ್ದದ್ದನ್ನು ಗೋಡೆಯ ಆಚೆಯವಳು ಕೇಳಿಸಿಕೊಳ್ಳಲಿ ಎಂದು ಕಸ್ತೂರೆವ್ವ ಬೇಕೆಂದೇ ದನಿ ಎತ್ತಿದಳು.

“ಅಂತೂ ನಿಮ್ಮ ಯಂತ್ರಕ್ಕ ಈಗ ಕಣ್ಣ ಬಂದ್ವು ಅನ್ರಿ, ಬಾಯೀ.”

ಅನಸೂಯಾ ನಗಲಿಲ್ಲ. ತಮಗೆ ಒಂದು ವಿಷಯ ತಿಳಿಯುತ್ತಿಲ್ಲ, ನೀವು ರೊಟ್ಟಿ ಬಲ್ಲವರು, ಹೇಳಬಹುದೇನೋ ಎಂದರು. ನಿಂಬೆವ್ವನ ರೊಟ್ಟಿಯನ್ನು ಪ್ರತಿ ವಾರ ಅಳೆದಿದ್ದಾರೆ. ಮೊದಲ ದಿನ ಹೇಗಿತ್ತೋ ಇವತ್ತಿಗೂ ಹಾಗೆಯೇ ಇದೆ. ಆದರೆ ಶುರುವಿನಿಂದಲೇ ಒಂದು ತಟ್ಟೆಯಲ್ಲಿ ರೊಟ್ಟಿ ಇಡಿಯಾಗಿ ಉಳಿಯತೊಡಗಿತು. ಪಲ್ಯ ಖಾಲಿ, ಸಾರು ಖಾಲಿ, ರೊಟ್ಟಿ ಮಾತ್ರ ಮುಟ್ಟಿರಲಿಲ್ಲ. ತಿಂಗಳ ಮೇಲೆ ಅದರ ಅಕ್ಕಪಕ್ಕದ ತಟ್ಟೆಗಳಲ್ಲಿ ಉಳಿಯಿತು, ಆಮೇಲೆ ಇಡೀ ಸಾಲಿನಲ್ಲಿ. ನೆಗಡಿ ಹರಡಿದ ಹಾಗೆ ಹರಡಿತು.

“ಹಸಿವು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಯಂತ್ರ ಕಟ್ಟಿದ್ದೇನೆ, ಕಸ್ತೂರೆವ್ವ. ಆ ಅರವತ್ತೊಂದನೆಯ ತಟ್ಟೆಯ ಮಗುವಿಗೆ ಏನಾಗಿದೆ ಎಂಬುದೇ ನನಗೆ ತಿಳಿಯುತ್ತಿಲ್ಲ.”

ಮಕ್ಕಳು ತಟ್ಟೆಯನ್ನು ಮನೆಗೆ ಒಯ್ಯುತ್ತಿದ್ದರು. ತುಂಗಾಳ ತಟ್ಟೆಯನ್ನು ದಿನಾ ಸಂಜೆ ಬೂದಿ ಹಚ್ಚಿ ತಿಕ್ಕುವವಳು ಕಸ್ತೂರೆವ್ವ. ತಟ್ಟೆಯ ಬೆನ್ನಿಗೆ ಕೆತ್ತಿದ ಆರು ಮತ್ತು ಒಂದು ಅವಳ ಬೆರಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಶಾಲೆಯಲ್ಲಿ ತುಂಗಾಳನ್ನು ರೊಟ್ಟಿ ತುಂಗಾ ಎಂದೇ ಕರೆಯುತ್ತಿದ್ದರು. ರೊಟ್ಟಿ ಬಡಿಯುವ ಮನೆಯ ಹುಡುಗಿಯೇ ಬೆರಳು ಹಚ್ಚದ ರೊಟ್ಟಿಯಲ್ಲಿ ಏನೋ ಐಬು ಇರಬೇಕು ಎಂದು ಉಳಿದ ಮಕ್ಕಳು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಈ ಆರು ತಿಂಗಳು ಮಗಳು ಶಾಲೆಯಿಂದ ಓಡಿಬಂದು, ಚೀಲ ಬಿಸಾಕಿ, ನಿಂತಲ್ಲೇ ಮೂರು ರೊಟ್ಟಿ ಗಬಗಬನೆ ತಿನ್ನುತ್ತಿದ್ದಳು. ನೋಡಿದವರಿಗೆಲ್ಲ ಕಸ್ತೂರೆವ್ವ ಹೇಳಿಕೊಂಡಿದ್ದಳು, ನನ್ನ ರೊಟ್ಟಿ ಅಂದರೆ ನನ್ನ ಕೂಸಿಗೆ ಜೀವ ಎಂದು.

ಕಲ್ಲಿನ ಮೇಲಿನ ಅರ್ಧ ರೊಟ್ಟಿ ಒಣಗಿ ಅಂಚು ಬಿರಿದಿತ್ತು.

ಯಾವ ಮಗುವೋ ಏನೋ ಎಂದು ಕಸ್ತೂರೆವ್ವ ಮೆಲ್ಲಗೆ ಹೇಳಿ ಹೆಬ್ಬೆರಳು ಚಾಚಿದಳು. ಬೆರಳಿಗೆ ಹಿಟ್ಟು ಮೆತ್ತಿದ್ದರಿಂದ ಫಲಕ ಗುರುತು ಹಿಡಿಯಲಿಲ್ಲ. ಒರೆಸಿಕೊಳ್ಳಿ, ಅವಸರವಿಲ್ಲ ಎಂದರು ಅನಸೂಯಾ. ಅವಳು ಸೆರಗಿಗೆ ಬೆರಳು ಒರೆಸತೊಡಗಿದಳು. ಒರೆಸಿದಷ್ಟೂ ಹಿಟ್ಟು ಇದ್ದೇ ಇದೆ ಅನ್ನಿಸಿತು. ಆಚೆಯ ಪಟಪಟ ಸದ್ದು ಯಾವಾಗಲೋ ನಿಂತಿತ್ತು.

ಹೊಸ್ತಿಲ ಮೇಲೆ ಕುಳಿತು ಜಡೆಗೆ ರಿಬ್ಬನ್ ಸುತ್ತಿಕೊಳ್ಳುತ್ತಿದ್ದ ತುಂಗಾ ಎದ್ದು ಬಂದಳು. ಅವ್ವನ ಮುಖವನ್ನೇ ಒಂದು ಗಳಿಗೆ ನೋಡಿದಳು, ಅದು ತಿರುಗಿಕೊಳ್ಳುತ್ತದೋ ಎಂದು ಕಾಯುವವಳ ಹಾಗೆ. ಅದು ತಿರುಗಲಿಲ್ಲ.

“ಅವ್ವಾ, ಈಗ ನೀನ ಗೆದ್ದಿ ಅಲ್ಲ? ಹಂಗಾದ್ರ ಇನ್ನ ಮ್ಯಾಲ ನಾ ಚಿಗವ್ವನ ರೊಟ್ಟಿ ತಿನ್ನಬಹುದಾ?”