ಡಬ್ಬದೊಳಗಿನ ಅಕ್ಷತೆ

ಬಾಣಂತಿ ಮಗುವನ್ನು ಹಿಡಿದ ಹಾಗೆ ಸಿಪಿಯುವನ್ನು ತೊಡೆಯ ಮೇಲೆ ತಬ್ಬಿಕೊಂಡು ಧನುಶ್ರೀ ಅರಕಲಗೂಡಿನಲ್ಲಿ ಆಟೋ ಇಳಿದಾಗ ಆಯುಧಪೂಜೆ ಕಳೆದು ನಾಲ್ಕು ದಿನವಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ಬಾಡಿದ ಚೆಂಡುಹೂವಿನ ಹಾರ ಇನ್ನೂ ನೇತಾಡುತ್ತಿತ್ತು. ಒಳಗಿದ್ದ ಮಾನಿಟರು, ಪ್ರಿಂಟರು ಒಂದನ್ನೂ ಬಿಡದೆ ಎಲ್ಲಕ್ಕೂ ಕುಂಕುಮ ಹಚ್ಚಿತ್ತು.

“ಆನ್ ಆಗುತ್ತೆ, ಬೂಟ್ ಆಗ್ತಿಲ್ಲ,” ಅಂದಳು. “ಕಪ್ಪು ಸ್ಕ್ರೀನ್ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಂತ್ಬಿಡುತ್ತೆ. ಮೊದ್ಲೇ ಹೇಳ್ತೀನಿ, ಫಾರ್ಮ್ಯಾಟ್ ಮಾಡ್ಬೇಕು ಅಂದ್ರೆ ಹಿಂಗೇ ಎತ್ಕೊಂಡು ಹೋಗ್ತೀನಿ.”

ಅಂಗಡಿಯ ಮನೋಹರನಿಗೆ ಮೂವತ್ತು ದಾಟಿರಬೇಕು. ಕಿವಿಯ ಮೇಲೆ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ.

“ಕೂತ್ಕೊಳಿ ಮೇಡಂ. ರೋಗಿ ನೋಡ್ದೆ ಮದ್ದು ಹೇಳಲ್ಲ ನಾನು.”

ಅವನು ವೈರು ಸಿಕ್ಕಿಸಿ ಒಮ್ಮೆ ಮಾತ್ರ ಆನ್ ಮಾಡಿದ. ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿ ಕೇಳಿದ. ಒಳಗಿಂದ ಟಿಕ್ ಟಿಕ್ ಅನ್ನುವ ಸದ್ದು ಅವಳಿಗೂ ಕೇಳಿಸಿತು. ಆ ಮುಚ್ಚಿದ ಕಣ್ಣುಗಳ ರೆಪ್ಪೆ ಉದ್ದವಾಗಿದೆ ಅನ್ನುವುದನ್ನು ಅವಳು ಗಮನಿಸಿದಳು, ಗಮನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

“ಡಿಸ್ಕ್ ತಿರುಗ್ತಾ ಐತೆ, ಓದಕ್ಕೆ ಒದ್ದಾಡ್ತಾ ಐತೆ,” ಅಂದು ಅವನು ಸ್ವಿಚ್ ಆರಿಸಿದ. “ಸುಮ್ಸುಮ್ನೆ ಆನ್ ಮಾಡ್ದಷ್ಟೂ ಕೆಡುತ್ತೆ. ಮೊದ್ಲು ಇದ್ದದ್ದನ್ನ ಇದ್ದಂಗೇ ಬೇರೆ ಡಿಸ್ಕಿಗೆ ಇಳಿಸ್ಕೋಬೇಕು, ಚೂರುಚೂರೇ. ವಾರ ಆಗ್ಬೋದು. ಒಳಗೆ ಏನೈತೆ?”

“ನಮ್ಮಪ್ಪನ ದನಿ.”

ಅವಳಪ್ಪ ಹುಚ್ಚಯ್ಯ ತಂಬೂರಿ ಹಿಡಿದು ಪದ ಹೇಳುತ್ತಿದ್ದವನು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಅವನ ದನಿ ಕೇಳದ ಊರು ಕಮ್ಮಿ. ಗಂಟಲ ಕ್ಯಾನ್ಸರಿಗೆ ಆಪರೇಷನ್ ಆಗುವ ಮುಂಚೆ ಮಗಳು ಅವನನ್ನು ಒಂದು ವಾರ ಮೈಕಿನ ಮುಂದೆ ಕೂರಿಸಿ ಅರವತ್ತೆರಡು ಪದ ರೆಕಾರ್ಡ್ ಮಾಡಿಕೊಂಡಿದ್ದಳು. ಈಗ ಅವನು ಉಸಿರಾಡುವುದು ಕತ್ತಿನ ತೂತಿನಿಂದ, ಮಾತಾಡುವುದು ಸ್ಲೇಟಿನ ಮೇಲೆ. ದಿನಾ ಸಂಜೆ ಕಂಪ್ಯೂಟರಿನ ಮುಂದೆ ಕೂತು ತನ್ನ ದನಿಯನ್ನು ತಾನೇ ಕೇಳುತ್ತಿದ್ದ. ಅದು ನಿಂತ ದಿನದಿಂದ ಬಳಪವನ್ನೂ ಮುಟ್ಟಿರಲಿಲ್ಲ.

ಮನೋಹರ ಇದನ್ನೆಲ್ಲ ಕೇಳಿ ಡಬ್ಬವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. “ಇಂಥದ್ದಕ್ಕೆ ಎರಡು ಕಾಪಿ ಇರ್ಬೇಕು ಮೇಡಂ. ಒಂದು ನಿಮ್ಮನೇಲಿ, ಇನ್ನೊಂದು ನಂಬಿಕಸ್ತರ ಮನೇಲಿ.”

“ನಂಬಿಕಸ್ತರು ನಿಮ್ಮಂಗಡೀಲಿ ಸಿಕ್ತಾರಾ?”

“ಸ್ಟಾಕ್ ಕಮ್ಮಿ,” ಅಂದ. ಅವಳಿಗೆ ಎಷ್ಟೋ ದಿನದ ಮೇಲೆ ನಗು ಬಂತು.

ಲೈಬ್ರರಿಯ ಕೆಲಸ ಮುಗಿಸಿ ಅವಳು ದಿನಾ ಬರತೊಡಗಿದಳು. ಪರದೆಯ ಮೇಲೆ ಒಂದು ಹಸಿರು ಗೆರೆ ತೆವಳುತ್ತಿತ್ತು. ಹನ್ನೆರಡು ಪರ್ಸೆಂಟ್. ಮಾರನೆಯ ದಿನ ಮೂವತ್ತೊಂದು. ಆಮೇಲೆ ಎರಡು ದಿನ ನಲವತ್ತಾರರಲ್ಲೇ ಹಟ ಹಿಡಿದು ನಿಂತಿತು.

“ಬೆದರಿಸ್ಬಾರ್ದು ಅದನ್ನ,” ಅನ್ನುತ್ತಿದ್ದ ಮನೋಹರ. “ಕಾಯ್ಬೇಕು. ಟೀ ಕುಡೀರಿ.”

ಟೀ ಲೋಟ ಕೊಡುವಾಗ ಅವನ ಬೆರಳು ತಾಗದಂತೆ ಎಚ್ಚರ ವಹಿಸುತ್ತಿತ್ತು. ಆ ಎಚ್ಚರವೇ ಅವಳಿಗೆ ತಾಗುತ್ತಿತ್ತು. ಅವಳು ಬರುವ ಹೊತ್ತಿಗೆ ಫ್ಯಾನು ಅವಳ ಕುರ್ಚಿಯ ಕಡೆ ತಿರುಗಿರುತ್ತಿತ್ತು. ಅವಳು ಪರದೆ ನೋಡುವಾಗ ಅವನು ಅವಳನ್ನು ನೋಡುತ್ತಿದ್ದ, ಅವಳು ತಿರುಗಿದರೆ ಕೈಯಲ್ಲಿದ್ದ ಸ್ಕ್ರೂ ನೋಡುತ್ತಿದ್ದ. ಅಂಥ ಸ್ಕ್ರೂನಲ್ಲಿ ನೋಡುವುದಕ್ಕೆ ಏನಿರುತ್ತದೆ ಅಂತ ಕೇಳಬೇಕೆನಿಸಿ ಅವಳು ತುಟಿ ಕಚ್ಚಿಕೊಳ್ಳುತ್ತಿದ್ದಳು.

ಏಳನೆಯ ದಿನ ಅವಳು ಬಂದಾಗ ಮನೋಹರ ಫೋನಿನಲ್ಲಿ ಮಾತಾಡುತ್ತಾ ಹೊರಗೆ ನಿಂತಿದ್ದ. ಮೇಜಿನ ಮೇಲೆ ಅವಳ ಡಬ್ಬ ಮುಚ್ಚಳ ತೆಗೆದು ಮಲಗಿತ್ತು. ಒಳಗೋಡೆಯ ಮೇಲೆ ಕೆಂಪಗೆ ಒಣಗಿದ ಕಲೆ. ಪಕ್ಕದ ಕಾಗದದಲ್ಲಿ ಅರಿಸಿನ ಹತ್ತಿದ ಏಳೆಂಟು ಅಕ್ಕಿಕಾಳು.

“ಇದೇನು?” ಅವನು ಒಳಗೆ ಬರುತ್ತಲೇ ಕೇಳಿದಳು.

ಅವನು ಕಾಗದ ನೋಡಿದ. “ಒಳಗಿತ್ತು. ಡಿಸ್ಕಿನ ಬೋರ್ಡಿಗೆ ಮೆತ್ಕೊಂಡಿತ್ತು, ನೀರೂ ಇಳಿದಿತ್ತು. ಕೆಟ್ಟಿದ್ದು ಅದ್ರಿಂದ್ಲೇ. ತೊಳ್ದಿದ್ದೀನಿ.”

“ನಮ್ಮನೇಲಿ ಕುಂಕುಮನೂ ಇಲ್ಲ, ಅಕ್ಷತೆನೂ ಇಲ್ಲ. ಹನ್ನೊಂದು ವರ್ಷ ಆಯ್ತು.”

ಅದು ನಿಜ. ಅವ್ವ ಮುದ್ದಮ್ಮ ಬದುಕಿದ್ದಾಗ ಮನೆಯವರೆಲ್ಲ ಹಾಸನಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಅವತ್ತಿನಿಂದ ಬುದ್ಧನ ಮುಂದೆ ಒಂದು ಮೇಣದಬತ್ತಿ, ಅಷ್ಟೆ. ಅವ್ವ ಹೋದ ಮೇಲೆ ಆ ನಡವಳಿಕೆಯನ್ನು ಧನುಶ್ರೀ ಅವ್ವನ ಮಾತಿನಂತೆ ಕಾಪಾಡಿಕೊಂಡು ಬಂದಿದ್ದಳು. ಅವಳು ಅಂಗಡಿಯನ್ನು ಸುತ್ತ ನೋಡಿದಳು. ಎಲ್ಲ ಯಂತ್ರಗಳ ಮೇಲೂ ಅದೇ ಕುಂಕುಮ.

“ನಮ್ ಡಿಸ್ಕ್ ಎಲ್ಲಿ?” ಅಂದಳು. “ಪೂಜೆ ಮಾಡಿದ ಬೇರೆಯವರದ್ದು ಇಟ್ಟು ನಮ್ದು ತೆಗ್ದಿದ್ದೀರ.”

“ಬದಲಾಯ್ಸಿಲ್ಲ ಮೇಡಂ.”

“ಹಂಗಾದ್ರೆ ಕುಂಕುಮ ಎಲ್ಲಿಂದ ಬಂತು? ಹೇಳಿ.”

ಮನೋಹರ ಅಕ್ಕಿಕಾಳಿನ ಕಾಗದವನ್ನು ಮಡಿಸಿದ. ತಲೆ ತಗ್ಗಿಸಿದ. ಅವಳಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

“ಕಳ್ರ ಕೈಗೆ ಕೊಟ್ಟೆ ನಮ್ಮಪ್ಪನ್ನ,” ಅಂದಳು. “ನಾಳೆ ಬರ್ತೀನಿ. ನಮ್ ಸಾಮಾನು ನಮಗೆ ಕೊಡಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಎರಡು ಸಂಕಟ ಕಾಡಿದವು. ಅಪ್ಪನ ದನಿ ಹೋಯಿತು ಅನ್ನುವ ಸಂಕಟ ಒಂದು. ಮನೋಹರ ಹೀಗೆ ಮಾಡಿದನಲ್ಲ ಅನ್ನುವ ಸಂಕಟ ಇನ್ನೊಂದು. ಎರಡನೆಯದೂ ಇಷ್ಟು ನೋಯಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಅಪ್ಪನಿಗೆ ಹೇಳಿದಳು. ಹುಚ್ಚಯ್ಯ ಎದ್ದು ಸ್ಲೇಟು ತಂದ.

“ನಾನೇ ಕಣವ್ವ.”

ಅಂಗೈಯಲ್ಲಿ ಒರೆಸಿ ಮತ್ತೆ ಬರೆದ. “ಮೊದ್ಲೆಲ್ಲ ಆಯುಧಪೂಜೇಲಿ ತಂಬೂರಿಗೆ ಮಾಡ್ತಿದ್ದೆ. ದೀಕ್ಷೆ ಆದ್ಮೇಲೆ ಬಿಟ್ಟೆ. ಈಗ ದನಿ ಆ ಡಬ್ಬದಾಗೈತೆ. ಮನ್ಸು ತಡೀನಿಲ್ಲ. ಕುಂಕುಮದ ನೀರು ಚಿಮುಕ್ಸಿ ಅಕ್ಷತೆ ಹಾಕ್ದೆ. ಮೇಲಿನ ತೂತಿಂದ ಒಳಕ್ಕೋಯ್ತು.”

ಬಳಪ ನಿಂತಿತು. ಮತ್ತೆ ನಡೆಯಿತು. “ನೀನು ಕೆಲಸಕ್ಕೋದಾಗ ಅಂಗ್ಡಿಗೆ ಓಗಿದ್ದೆ. ಆ ಮಗ ಆಗ್ಲೇ ಕಂಡಿಡ್ದಿದ್ದ. ಮಗಳಿಗೆ ಯೇಳ್ಬೇಡ, ನೊಂದ್ಕೋತಾಳೆ ಅಂತ ಬರ್ದು ಕೈ ಮುಗ್ದೆ.”

ಧನುಶ್ರೀಗೆ ಕುಂಕುಮದ ಮೇಲೆ ಸಿಟ್ಟು ಬರಲಿಲ್ಲ. ಎಲ್ಲವನ್ನೂ ಕಳೆದುಕೊಂಡ ಮನುಷ್ಯ ಹಿಡಿ ಅಕ್ಕಿಯನ್ನು ತನ್ನಿಂದ ಬಚ್ಚಿಡಬೇಕಾಯಿತಲ್ಲ ಎಂದು ಅಳು ಬಂತು. ಅಪ್ಪನ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಅವನು ಬಳಪದ ಪುಡಿ ಹತ್ತಿದ ಕೈಯಿಂದಲೇ ಅವಳ ತಲೆ ಸವರಿದ.

ಬೆಳಿಗ್ಗೆ ಅಪ್ಪನನ್ನೂ ಕರೆದುಕೊಂಡೇ ಹೋದಳು. ಮನೋಹರ ಆಗಷ್ಟೇ ಶಟರ್ ಎತ್ತುತ್ತಿದ್ದ. ಹುಚ್ಚಯ್ಯನ ಮುಖ ನೋಡಿದವನಿಗೆ ಎಲ್ಲ ತಿಳಿಯಿತು. ಏನೂ ಕೇಳದೆ ಕುರ್ಚಿ ಒರೆಸಿ ಕೂರಿಸಿದ.

“ಮುಗೀತು,” ಅಂದ. “ಐವತ್ತೊಂಬತ್ತು ಪದ ಪೂರ್ತಿ ಬಂದಿವೆ. ಎರಡು ಬರ್ಲೇ ಇಲ್ಲ. ಒಂದ್ರಲ್ಲಿ ನಡುವೆ ಸ್ವಲ್ಪ ಹೋಗೈತೆ.”

ಹುಚ್ಚಯ್ಯ ಒಂದು ಬೆರಳೆತ್ತಿದ. ಆ ಒಂದನ್ನೇ ಹಾಕು ಅಂತ.

ತಂಬೂರಿಯ ಶ್ರುತಿ ಬಂತು. ಆಮೇಲೆ ಆ ದನಿ, ಒರಟು, ಬೆಚ್ಚಗೆ, ಅಂಗಡಿ ತುಂಬ. ಹುಚ್ಚಯ್ಯನ ತುಟಿಗಳು ಅಲುಗಿದವು, ಬೆರಳು ತೊಡೆಯ ಮೇಲೆ ತಂತಿ ಮೀಟಿತು. ಮೂರನೆಯ ನುಡಿಯಲ್ಲಿ ದನಿ ತಟ್ಟನೆ ಕಡಿದು ಹೋಯಿತು. ಅಂಗಡಿಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಹುಚ್ಚಯ್ಯನ ಬೆರಳು ನಿಲ್ಲಲಿಲ್ಲ, ತುಟಿಯೂ ನಿಲ್ಲಲಿಲ್ಲ. ಇಲ್ಲದ ಸಾಲುಗಳನ್ನು ಅವನು ಒಳಗೇ ಹಾಡುತ್ತಿದ್ದ. ಹನ್ನೆರಡು ಸೆಕೆಂಡಿನ ಮೇಲೆ ದನಿ ಮರಳಿದಾಗ ಅವನ ಬೆರಳು ಸರಿಯಾಗಿ ಅದೇ ತಾಳದ ಮೇಲಿತ್ತು.

ಧನುಶ್ರೀ ಕಣ್ಣೊರೆಸಿಕೊಂಡು ಮನೋಹರನ ಕಡೆ ತಿರುಗಿದಳು. “ಕಳ್ಳ ಅಂದಾಗ ಯಾಕೆ ಸುಮ್ನಿದ್ರಿ?”

“ನಿಮ್ಮಪ್ಪಾರು ಕೈ ಮುಗ್ದು ಒಂದೇ ಒಂದು ಕೇಳಿದ್ರು. ಇಲ್ಲ ಅನ್ನಕ್ಕೆ ನನಗೆ ಬಾಯಿ ಬರ್ಲಿಲ್ಲ.” ಅವನು ಎರಡು ಪುಟ್ಟ ಡಿಸ್ಕುಗಳನ್ನು ಮೇಜಿನ ಮೇಲಿಟ್ಟ. “ಎರಡು ಕಾಪಿ. ಒಂದು ನಿಮ್ಮನೆಗೆ. ಇನ್ನೊಂದು ನಂಬಿಕಸ್ತರು ಯಾರಿಗಾದ್ರೂ ಕೊಡಿ.”

ಅವಳು ಒಂದನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಇನ್ನೊಂದನ್ನು ಅವನ ಕಡೆಗೇ ಸರಿಸಿದಳು.

“ನಿಮ್ಮನೇಲಿ ಇರ್ಲಿ.”

ಅವನು ನೋಡಿದ. ಈ ಸಲ ಸ್ಕ್ರೂ ಕಡೆ ಕಣ್ಣು ತಿರುಗಿಸಲಿಲ್ಲ.

“ತಪ್ಪಾಯ್ತು,” ಅಂದಳು. “ದಿನಾ ಪರ್ಸೆಂಟ್ ನೋಡಕ್ಕೆ ಬರ್ತಿದ್ದೀನಿ ಅಂದ್ಕೊಂಡಿದ್ದೆ. ನಿಮ್ಮನ್ನ ನೋಡಕ್ಕೆ ಬರ್ತಿದ್ದೆ. ನಿನ್ನೆ ಬಸ್ಸಲ್ಲಿ ಗೊತ್ತಾಯ್ತು.”

ಮನೋಹರ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. “ನಲವತ್ತಾರರಲ್ಲಿ ನಿಂತಾಗ ಇನ್ನೆರಡು ದಿನ ಹಿಂಗೇ ಇರ್ಲಿ ಅನ್ಕೊಂಡೆ,” ಅಂದ ಮೆಲ್ಲಗೆ. “ರಿಪೇರಿಯವನು ಹಂಗೆ ಬಯಸ್ಬಾರ್ದು. ಬಯಸಿದ್ದೆ.”

ಸ್ಲೇಟಿನ ಮೇಲೆ ಬಳಪದ ಸದ್ದಾಯಿತು. ಹುಚ್ಚಯ್ಯ ಬರೆದು, ಸ್ಲೇಟನ್ನು ಮಗಳಿಗೆ ತೋರಿಸದೆ ಮನೋಹರನ ಕಡೆ ಚಾಚಿದ.

“ನಿಮ್ಮನೆ ಎಲ್ಲಪ್ಪ?”

ಮನೋಹರ ಬಾಯಲ್ಲೇ ಹೇಳಬಹುದಿತ್ತು. ಆದರೆ ಬಳಪ ತೆಗೆದುಕೊಂಡು, ಆ ಪ್ರಶ್ನೆಯ ಕೆಳಗೆ ದುಂಡಗೆ ವಿಳಾಸ ಬರೆದ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: “ಭಾನುವಾರ ನಮ್ಮವ್ವ ಮನೇಲೇ ಇರ್ತಾರೆ.”