ಪಿಂಕ್ ಬಂತಾ?

ಬ್ಯುರೆಟ್ ತನ್ನ ಲ್ಯಾಬ್ ಪಾರ್ಟ್‌ನರ್ ಹುಡುಗಿಯ ಮುಖದಿಂದ ಕಣ್ಣು ಕೀಳುವುದಿಲ್ಲ ಎಂಬುದು ಫಾರ್ಮಸಿ ಕಾಲೇಜಿನಲ್ಲಿ ಎರಡು ವರ್ಷದಿಂದ ಎಲ್ಲರೂ ಬಲ್ಲ ಸಂಗತಿ. ಬ್ಯುರೆಟ್ ಎಂದರೆ ಇಲ್ಲಿ ಗಾಜಿನ ಕೊಳವೆಯಲ್ಲ. ಅದರ ಹಾಗೇ ಉದ್ದಕ್ಕೆ, ಸಪೂರಕ್ಕೆ ಬೆಳೆದ ಹುಡುಗ.

ಗಾಜಿನ ಕೊಳವೆಯಿಂದ ಫ್ಲಾಸ್ಕಿಗೆ ಹನಿ ಬೀಳುತ್ತಿದ್ದರೆ, ಪಿಂಕ್ ಬಂದೊಡನೆ ನಲ್ಲಿ ನಿಲ್ಲಿಸಬೇಕಾದ ಅವನು ಅವಳನ್ನೇ ನೋಡುತ್ತ ಕೇಳುತ್ತಿದ್ದ. "ಪಿಂಕ್ ಬಂತಾ?"

"ಫ್ಲಾಸ್ಕ್ ಇರೋದು ಕೆಳಗೆ."

"ಗೊತ್ತು. ಬಂತಾ?"

"ಬಂತು, ನಿಲ್ಸು ಪುಣ್ಯಾತ್ಮ!"

ಗೆಳತಿಯರು ಕಿಸಕ್ಕೆನ್ನುತ್ತಿದ್ದರು. ಅವಳು ಸಿಡುಕಿದಂತೆ ನಟಿಸಿ ಜಡೆ ಹಿಂದಕ್ಕೆ ಎಸೆಯುತ್ತಿದ್ದಳು.

ನಿಜ ಸಂಗತಿ ಅಷ್ಟು ಸೊಗಸಾಗಿರಲಿಲ್ಲ. ಅವನ ಕಣ್ಣಿಗೆ ಆ ತೆಳು ಗುಲಾಬಿಯೂ ನೀರೂ ಒಂದೇ. ಅವಳ ಹುಬ್ಬು ಏರಿದರೆ ಬಣ್ಣ ಬಂತು, ತುಟಿ ಕಚ್ಚಿದರೆ ಇನ್ನೊಂದು ಹನಿ ಬೇಕು. ಇದು ಅಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಮ್ಮನ ತಮ್ಮ ರೈಲು ಓಡಿಸುವ ಕೆಲಸಕ್ಕೆಂದು ಹೋಗಿ, ಕಣ್ಣಿನ ಪರೀಕ್ಷೆಯಲ್ಲಿ ಬಿದ್ದು, ಜೀವಮಾನವಿಡೀ ಟಿಕೆಟ್ ಹರಿದವನು. "ಬಾಯಿ ಬಿಟ್ಟೀಯ ಜೋಕೆ," ಎಂದಿದ್ದಳು ಅಮ್ಮ, "ಮಾವನ ಗತೀನೇ ನಿಂಗೂ."

ಮೂರನೇ ವರ್ಷ ಜೆನೆಟಿಕ್ಸ್ ಬಂತು. ಬಟಾಣಿ ಗಿಡಗಳ ತನಕ ಅವನು ನೆಮ್ಮದಿಯಾಗಿದ್ದ. ಆಮೇಲೆ ಮೇಡಂ ಬಣ್ಣಗುರುಡು ಪತ್ತೆಹಚ್ಚುವ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ, "ನಾಳೆ ಒಬ್ಬೊಬ್ಬರೇ ಬಂದು ಒಳಗಿನ ಅಂಕಿ ಓದಬೇಕು," ಎಂದರು.

ಆ ರಾತ್ರಿಯೇ ಸೀನಿಯರ್ ಒಬ್ಬನನ್ನು ಕಾಡಿಬೇಡಿ ಪುಟಗಳ ಅಂಕಿಯನ್ನೆಲ್ಲ ಮೊದಲಿನಿಂದ ಮಗ್ಗಿಯಂತೆ ಉರುಹೊಡೆದ.

ಮರುದಿನ ಮೇಡಂ ಪುಸ್ತಕವನ್ನು ನಡುವಿನಿಂದ ತೆರೆದರು.

ಮಗ್ಗಿ ಹಾರಿಹೋಯಿತು. ರೂಢಿಯಂತೆ ಅವನ ಕಣ್ಣು ಅವಳ ಮುಖಕ್ಕೆ ಓಡಿತು. ಅವಳು ಮೇಡಂ ಬೆನ್ನ ಹಿಂದೆಯೇ ನಿಂತಿದ್ದಳು. ಅವಳ ಹುಬ್ಬು ನಿಧಾನವಾಗಿ ಏರಿತು, ಅಂಕಿಗಲ್ಲ. ಎರಡು ವರ್ಷದ ನೋಟದ ಲೆಕ್ಕ ಅವಳಿಗೆ ಆ ಕ್ಷಣ ತಿಳಿದುಹೋಗಿತ್ತು. ಅವಳು ತಲೆ ತಗ್ಗಿಸಿದಳು. ಓದಲು ಇನ್ನೇನೂ ಉಳಿಯಲಿಲ್ಲ.

"ಕಾಣಲ್ಲ, ಮೇಡಂ. ಬರೀ ಚುಕ್ಕೆ."

"ಹೌದೇನೋ!" ಮೇಡಂ ಮುಖ ಅರಳಿತು. "ಐದು ವರ್ಷದಿಂದ ಕಾಯ್ತಿದ್ದೀನಿ, ಕ್ಲಾಸಲ್ಲಿ ಇಂಥವನೊಬ್ಬ ಸಿಗಲಿ ಅಂತ. ಮನೇಲಿ ಇನ್ಯಾರಿಗಿದೆ?"

"ಮಾವನಿಗೆ... ಅಮ್ಮನ ತಮ್ಮ."

"ನೋಡ್ರೋ, ತಾಯಿಯಂತೆ ಮಗಳು ಅಂತಾರೆ. ಇಲ್ಲಿ ಸೋದರಮಾವನಂತೆ ಅಳಿಯ!" ಬೋರ್ಡಿನ ಮೇಲೆ ಅವನ ವಂಶವೇ ಮೂಡಿತು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ನಡುವೆ ಅಡ್ಡಗೆರೆ. ಮಾವನ ಚೌಕ ಕಪ್ಪು, ಅವನದೂ ಕಪ್ಪು.

"ಕಾಲೇಜು ಬಿಡಬೇಕಾ, ಮೇಡಂ?" ಬ್ಯುರೆಟ್ ಕೇಳಿದ.

"ಯಾಕಪ್ಪಾ? ಬಣ್ಣ ಕಾಣದಿದ್ರೆ ಮೀಟರ್ ಇದೆ. ಸುಳ್ಳು ರೀಡಿಂಗ್ ಬರೆದ್ರೆ ಹಿಡಿಯೋಕೆ ನಾನಿದ್ದೀನಿ. ರೆಕಾರ್ಡ್ ಪುಸ್ತಕದಲ್ಲಿ ಈ ಚಾರ್ಟ್ ಬರಿ, ಹೋಗು."

ಒಂದು ಭಯ ಇಳಿಯಿತು. ದೊಡ್ಡದು ಸಿಂಕಿನ ಹತ್ತಿರ ಪಿಪೆಟ್ ತೊಳೆಯುತ್ತ ನಿಂತಿತ್ತು. ಕ್ಲಾಸು ಖಾಲಿಯಾದ ಮೇಲೆ ಅವನು ಚಾರ್ಟ್ ಬರೆದ ರೆಕಾರ್ಡ್ ಎದೆಗವಚಿಕೊಂಡು ಹೋದ.

"ಹಾಗಾದ್ರೆ," ಅವಳು ತಿರುಗಲಿಲ್ಲ, "ನಾನು ನಿನಗೆ ಮೀಟರ್ರು."

"ಮೊದಲನೇ ಟರ್ಮ್... ಹೌದು."

"ಇಡೀ ಕ್ಲಾಸು ನನ್ನನ್ನ ರೇಗಿಸ್ತು. ನಾನೂ ಪೆದ್ದಿ, ನಂಬಿಬಿಟ್ಟಿದ್ದೆ."

"ಎರಡನೇ ಟರ್ಮಿಂದ ನಮ್ಮ ರೀಡಿಂಗೆಲ್ಲ ಯಾಕೆ ತಪ್ಪಿತು ಅನ್ಕೊಂಡೆ?"

"ನಿನ್ನ ಕಣ್ಣಿನ ದೆಸೆಯಿಂದ."

"ಅಲ್ಲ. ನಿನ್ನ ಹುಬ್ಬು ಏರಿದ್ದು ಕಾಣ್ತಿತ್ತು. ನಿನ್ನನ್ನೇ ನೋಡ್ತಾ ನಲ್ಲಿ ನಿಲ್ಲಿಸೋದು ಮರೆತುಹೋಗ್ತಿತ್ತು."

ಪಿಪೆಟ್ಟಿನ ಮೇಲೆ ನೀರು ಸುಮ್ಮನೆ ಸುರಿಯುತ್ತಿತ್ತು. ಇಷ್ಟು ಹೆದರಿಕೆ ಆ ಚುಕ್ಕೆಗಳ ಮುಂದೆಯೂ ಅವನಿಗೆ ಆಗಿರಲಿಲ್ಲ. ಅವಳು ತಿರುಗಿದಳು, ಮುಖದಲ್ಲಿ ಏನೋ ಬದಲಾಗಿತ್ತು. ಕೆಂಪೋ ಅಲ್ಲವೋ, ಅವನಿಗೆ ಯಾರು ಹೇಳಬೇಕು?

"ಕೋಪನಾ?" ಎಂದ.

"ಎರಡು ವರ್ಷ ಓದಿದೀಯಲ್ಲ, ನೀನೇ ಹೇಳು."

ಅವಳು ತುಟಿ ಕಚ್ಚಿಕೊಂಡಿದ್ದಳು.

"ಇನ್ನೊಂದು ಹನಿ," ಎಂದ ಅವನು. "ನೀನಂದ್ರೆ ನಂಗೆ ಇಷ್ಟ."

ಹುಬ್ಬು ಏರಿತು.

ಅವಳು ಒದ್ದೆ ಕೈಯಲ್ಲೇ ಅವನ ರೆಕಾರ್ಡ್ ಕಿತ್ತುಕೊಂಡು, ಅವನ ಕಪ್ಪು ಚೌಕದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ವೃತ್ತ ಬರೆದಳು. ನಡುವೆ ಜಾಗ ಬಿಟ್ಟಳು.

"ಗೆರೆ ನೀನೇ ಎಳಿ. ಇದಕ್ಕೇನೂ ಬಣ್ಣ ನೋಡಬೇಕಾಗಿಲ್ಲ."

ಅವಳ ಮುಖ ನೋಡುತ್ತ ಎಳೆದ ಗೆರೆ ಸೊಟ್ಟಗಾಯಿತು. ಮೇಡಂ ಅದಕ್ಕೆ ಅರ್ಧ ಮಾರ್ಕು ಕಳೆದರು. ಇಬ್ಬರೂ ಅಳಿಸಲಿಲ್ಲ.