ಮಗಳು ಸುರಿದ ಹಳೆಯ ದ್ರಾಕ್ಷಾರಸ

ನನ್ನ ಅಕ್ಷರ ದುಂಡಗಿಲ್ಲ. ಶಾಲೆಗೆ ಹೋದದ್ದೂ ಅಷ್ಟಕ್ಕಷ್ಟೇ. ಪದಗಳು ಎಡವಿದಲ್ಲಿ ಬೇಸರಪಡದೆ ಕತೆಯ ಜೊತೆ ನಡೆಯಬೇಕೆಂದು ಕೋರುತ್ತೇನೆ.

ಬಹಳ ಬಹಳ ಹಿಂದೆ, ಇಟಲಿ ದೇಶದ ಬೆಟ್ಟಗಳ ನಡುವೆ ರೊಸ್ಸಾರಾ ಎಂಬ ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದ ವರ್ಷದ ಕೆಂಪು ದ್ರಾಕ್ಷಾರಸವನ್ನು ತಂದೆಯು ಸೀಸೆಗೆ ತುಂಬಿ, ಬಿರಡೆ ಜಡಿದು, ನೆಲಮಾಳಿಗೆಯ ತಂಪಿನಲ್ಲಿ ಅಡ್ಡಲಾಗಿ ಮಲಗಿಸುತ್ತಿದ್ದನು. ಮಗು ದೊಡ್ಡದಾದ ಮೇಲೆ ಅದೇ ರಸವನ್ನು ತನ್ನ ಕೈಯಾರೆ ತಂದೆಗೆ ಸುರಿದು ಕೊಡಬೇಕು. ಅದು ಅಲ್ಲಿಯ ಪದ್ಧತಿ.

ದೊರೆ ಆಲ್ದೊನಿಗೆ ಓರ್ನೆಲ್ಲಾ ಒಬ್ಬಳೇ ಮಗಳು. ಅವಳ ಪಟ್ಟಾಭಿಷೇಕದ ದಿನ ಗ್ರಿಮಾಲ್ದೊ ಎಂಬ ಮಾಂತ್ರಿಕನು ಬಂದು ದೊರೆಯ ನಾಲಿಗೆಯ ರುಚಿಯನ್ನೆಲ್ಲ ಕಟ್ಟಿಹಾಕಿದನು. ರುಚಿಯ ಹಿಂದೆಯೇ ನೆನಪೂ ಹೊರಟುಹೋಯಿತು.

“ನೀನು ಯಾರಮ್ಮಾ?” ಎಂದು ದೊರೆ ಮಗಳನ್ನೇ ಕೇಳಿದನು.

ಮಾಂತ್ರಿಕ ನಕ್ಕನು. “ಹೊತ್ತು ಮುಳುಗುವುದರೊಳಗೆ ಅಪ್ಪ ನಿನ್ನ ಹೆಸರು ಹಿಡಿದು ಕರೆಯದಿದ್ದರೆ ಸಿಂಹಾಸನ ನನ್ನದು!”

“ಆಗಲಿ. ಅಲ್ಲಿಯವರೆಗೆ ನಿಂತೇ ಇರು,” ಎಂದು ಓರ್ನೆಲ್ಲಾ ದೀಪ ಹಿಡಿದು ತನ್ನ ಸೀಸೆಯನ್ನು ತರಲು ನೆಲಮಾಳಿಗೆಗೆ ಇಳಿದಳು.

ಬಾಗಿಲಿಗೆ ಅಡ್ಡವಾಗಿ ಮಾಂತ್ರಿಕನ ಕಾಡುಹಂದಿ ಮಲಗಿತ್ತು. ಹೆದರಿ ಓಡಿದವರನ್ನು ತಿವಿಯುವುದು ಅದರ ಕೆಲಸ. ಓರ್ನೆಲ್ಲಾ ಅವಸರಪಡಲಿಲ್ಲ. ಅದರ ಕಿವಿಯ ಹಿಂದೆ ಮೆಲ್ಲಗೆ ಕೆರೆದಳು.

“ಇನ್ನೂ ಸ್ವಲ್ಪ ಕೆಳಗೆ, ತಾಯಿ,” ಎಂದು ಹಂದಿ ಕಣ್ಣುಮುಚ್ಚಿತು.

ಒಳಗೆ ಒಂದು ಮುದಿ ಜೇಡ ನೇತಾಡುತ್ತಿತ್ತು. ಅದರ ಬಲೆಯಲ್ಲಿ ಮೂರು ಸೀಸೆಗಳಿದ್ದವು. “ನಿನ್ನದನ್ನು ಆರಿಸಿಕೋ. ತಪ್ಪಿದರೆ ನೀನೂ ಇಲ್ಲೇ ನೇತಾಡುವೆ. ನನಗೂ ಮಾತಿಗೆ ಜನ ಬೇಕು!”

ಓರ್ನೆಲ್ಲಾ ಅವಸರಪಡಲಿಲ್ಲ. ಮೊದಲನೆಯದು ನೆಟ್ಟಗೆ ನಿಂತಿತ್ತು. ರಸ ತಾಗದ ಬಿರಡೆ ಒಣಗಿ ಬಿರುಕುಬಿಟ್ಟಿತ್ತು. ಎರಡನೆಯದನ್ನು ದೀಪಕ್ಕೆ ಹಿಡಿದಳು. ನೇರಳೆ ಬಣ್ಣ, ನಿನ್ನೆಮೊನ್ನೆಯ ಎಳೆ ರಸ. ಮೂರನೆಯದು ಧೂಳು ಹೊದ್ದು ಮಲಗಿತ್ತು. ದೀಪದೆದುರು ಅದರ ಅಂಚು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

“ಇದೇ ನನ್ನ ವಯಸ್ಸಿನದು,” ಎಂದಳು.

“ಹೋಗು, ಹೋಗು. ಮತ್ತೆ ನಾನೊಬ್ಬನೇ,” ಎಂದು ಜೇಡ ಮುಖ ತಿರುಗಿಸಿತು.

ಓಲಗಸಾಲೆಯಲ್ಲಿ ಅವಳು ರಸವನ್ನು ನಿಧಾನವಾಗಿ ಹೂಜಿಗೆ ಬಗ್ಗಿಸಿದಳು. ತಳದ ಗಷ್ಟು ಸೀಸೆಯ ಕತ್ತಿನವರೆಗೆ ಬಂದೊಡನೆ ನಿಲ್ಲಿಸಿದಳು. ಬಟ್ಟಲಿಗೆ ಒಂದಿಷ್ಟು ಸುರಿದು ತಂದೆಗೆ ಕೊಟ್ಟಳು.

ದೊರೆ ಮುಖ ಕಿವುಚಿದನು. “ಸಪ್ಪೆ! ನೀನು ಯಾರಮ್ಮಾ?”

ಮಾಂತ್ರಿಕ ಕಿರೀಟಕ್ಕೆ ಕೈ ಹಾಕಿದನು. ಸೂರ್ಯ ಬೆಟ್ಟದ ನೆತ್ತಿ ಮುಟ್ಟಿದ್ದನು. ಆದರೂ ಓರ್ನೆಲ್ಲಾ ಅವಸರಪಡಲಿಲ್ಲ.

“ಅಪ್ಪಾಜಿ, ನೀವೇ ಹೇಳಿಕೊಟ್ಟದ್ದು. ಇಷ್ಟು ವರ್ಷ ಬಾಯಿ ಕಟ್ಟಿಸಿಕೊಂಡು ಮಲಗಿದ್ದ ರಸ. ಸ್ವಲ್ಪ ಉಸಿರಾಡಲಿ.”

ಅವಳು ಹೂಜಿಯನ್ನು ಕಿಟಕಿಯ ಗಾಳಿಗೆ ಇಟ್ಟು ಕಾದಳು. ಮೊದಲು ಒದ್ದೆ ಮಣ್ಣಿನ ವಾಸನೆ ಎದ್ದಿತು. ಆಮೇಲೆ ಒಣಗಿದ ಗುಲಾಬಿಯದು. ಆಮೇಲೆ ಕಳಿತ ಹಣ್ಣಿನದು. ದೊರೆಯ ಮೂಗು ತಾನಾಗಿಯೇ ಮೇಲೆದ್ದಿತು. ಸೂರ್ಯನ ಕೊನೆಯ ಚೂರು ಉಳಿದಿರುವಾಗ ಅವನು ಮಗಳು ಸುರಿದ ಮತ್ತೊಂದು ಗುಟುಕು ಕುಡಿದನು.

“ಆ ವರ್ಷ ಆಲಿಕಲ್ಲು ಬಿದ್ದು ಅರ್ಧ ತೋಟ ಹಾಳಾಗಿತ್ತು,” ಎಂದನು ಮೆಲ್ಲಗೆ. “ಉಳಿದ ಗೊಂಚಲುಗಳನ್ನು ನಿನ್ನಮ್ಮ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ಕೊಯ್ದಳು. ಓರ್ನೆಲ್ಲಾ, ಮಗಳೇ, ಇಷ್ಟೇ ಸುರಿದೆಯಲ್ಲ!”

“ಉಳಿದದ್ದು ನನಗಿರಲಿ!” ಎಂದು ಮಾಂತ್ರಿಕ ಸೀಸೆ ಕಸಿದು, ತಳದ ಗಷ್ಟನ್ನೆಲ್ಲ ಗಟಗಟನೆ ನುಂಗಿದನು. ದೊರೆಯ ನಾಲಿಗೆ ಬಿಟ್ಟ ಮಾಟ ಅವನ ನಾಲಿಗೆಗೆ ಹತ್ತಿಕೊಂಡಿತು.

“ನಾನು ಯಾರು?” ಎಂದನು.

“ತೋಟದಲ್ಲಿ ಹಕ್ಕಿ ಓಡಿಸುವವನು,” ಎಂದಳು ಓರ್ನೆಲ್ಲಾ. ಅವನು ಹೌದೆಂದು ನಂಬಿ ಹೋಗಿ ಓಡಿಸತೊಡಗಿದನು.

ಓರ್ನೆಲ್ಲಾ ರಾಣಿಯಾದಳು. ಹಂದಿಯ ಕಿವಿಗೆ ದಿನವೂ ಕೆರೆತ, ಜೇಡಕ್ಕೆ ದಿನವೂ ಹರಟೆ, ರಾಜ್ಯಕ್ಕೆಲ್ಲ ಸುಖ. ದೊರೆಯಂತೂ ಬಟ್ಟಲು ಹಿಡಿದಾಗಲೆಲ್ಲ ಮಗಳ ಹೆಸರನ್ನು ಎರಡು ಸಲ ಕರೆಯುತ್ತಿದ್ದನು.

ಬರೆದದ್ದರಲ್ಲಿ ತಪ್ಪುಗಳಿದ್ದರೆ ದಯವಿಟ್ಟು ಕ್ಷಮಿಸಿರಿ.